ಗೊತ್ತಾಗದಿರಲಿ ಎಂಬ ಹಟ

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

"ತಿಳಿದುಕೊಂಡಷ್ಟೂ ತಲೆನೋವು, ಏನೂ ಗೊತ್ತಿಲ್ಲದವರೇ ಸುಖಿಗಳು" ಎಂದು ಬರೆದಿದ್ದೀಯ. ಈ ಮಾತನ್ನು ಹಾಗೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಗೊತ್ತಿಲ್ಲದಿರುವುದು ತಪ್ಪೇನಲ್ಲ, ಎಲ್ಲರೂ ಹೊರಡುವುದು ಅಲ್ಲಿಂದಲೇ. ಗೊತ್ತುಮಾಡಿಕೊಳ್ಳುವ ದಾರಿ ಎದುರಿಗೇ ಇದ್ದಾಗ ಮುಖ ತಿರುಗಿಸುವುದಿದೆಯಲ್ಲ, ನನಗೆ ಭಯ ಅದರದ್ದು. ರಕ್ತಪರೀಕ್ಷೆಯ ವರದಿ ಬಂದಿದೆ, ಲಕೋಟೆ ಒಡೆಯದೆ ಡ್ರಾಯರಿಗೆ ಹಾಕಿದ್ದಾರೆ ಅಂದುಕೋ. ಒಳಗೆ ಏನಿರಬಹುದೆಂಬ ಅಂದಾಜು ಇರುವುದರಿಂದಲೇ ಅದನ್ನು ಒಡೆದಿಲ್ಲ. ಒಡೆಯಲಿ ಬಿಡಲಿ, ರೋಗ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಆ ಡ್ರಾಯರಿನ ಕಡೆ ಕಣ್ಣು ಹೋಗದಂತೆ ನೋಡಿಕೊಳ್ಳುವುದರಲ್ಲೇ ದಿನದ ಎಷ್ಟೋ ಶಕ್ತಿ ಸೋರಿಹೋಗುತ್ತದೆ. ಇದನ್ನು ಸುಖ ಎಂದು ಕರೆಯಲು ನನ್ನಿಂದಾಗದು.

ಪತಂಜಲಿ ಯೋಗಸೂತ್ರದ 2ನೇ ಪಾದದ 5ನೇ ಸೂತ್ರದಲ್ಲಿ ಅವಿದ್ಯೆ ಏನೆಂದು ಹೇಳುತ್ತಾನೆ: ಅನಿತ್ಯವನ್ನು ನಿತ್ಯವೆಂದೂ, ಅಶುಚಿಯನ್ನು ಶುಚಿಯೆಂದೂ, ದುಃಖವನ್ನು ಸುಖವೆಂದೂ, ಆತ್ಮವಲ್ಲದ್ದನ್ನು ಆತ್ಮವೆಂದೂ ಹಿಡಿಯುವುದು. ಮಾಹಿತಿಯ ಕೊರತೆಯ ಮಾತೇ ಅಲ್ಲಿಲ್ಲ. ತಪ್ಪಾಗಿ ಹಿಡಿದದ್ದು ಸಡಿಲವಾಗದೆ ಮೇಲೆ ಮೇಲೆ ಎಷ್ಟು ಓದಿ ಪೇರಿಸಿದರೂ ಉಪಯೋಗವಿಲ್ಲ. ಓದಿದ್ದೆಲ್ಲ ಹಳೆಯ ಹಿಡಿತಕ್ಕೇ ಸಮರ್ಥನೆ ಒದಗಿಸುತ್ತದೆ. ಬಹಳ ಓದಿದವರೂ ಹಟಮಾರಿಗಳಾಗಿರುವುದು ಇದರಿಂದಲೇ.

ಎಲ್ಲಿಂದ ಶುರುಮಾಡಲಿ ಎಂದು ಕೇಳುತ್ತೀಯ. ಗೀತೆಯ 13ನೇ ಅಧ್ಯಾಯದಲ್ಲಿ "ಅಮಾನಿತ್ವಮದಂಭಿತ್ವಂ" ಎಂದು ಶುರುವಾಗುವ 5 ಶ್ಲೋಕಗಳಿಂದ. ಕೆಲವು ಮುದ್ರಣಗಳಲ್ಲಿ ಇವು 7ರಿಂದ 11, ಕೆಲವುಗಳಲ್ಲಿ 8ರಿಂದ 12. ಅಧ್ಯಾಯದ ಮೊದಲಿಗೆ ಅರ್ಜುನನ ಪ್ರಶ್ನೆಯ ಶ್ಲೋಕವೊಂದನ್ನು ಸೇರಿಸಿ ಎಣಿಸಿದರೆ ಸಂಖ್ಯೆ ಒಂದು ಮುಂದಕ್ಕೆ ಹೋಗುತ್ತದೆ, ಗಾಬರಿಯಾಗಬೇಡ. ಅಮಾನಿತ್ವದಿಂದ ಹಿಡಿದು ತತ್ತ್ವಜ್ಞಾನಾರ್ಥದರ್ಶನದವರೆಗೆ (ಅಂದರೆ ತತ್ತ್ವಜ್ಞಾನದ ಗುರಿಯನ್ನು ಕಣ್ಣೆದುರು ಇಟ್ಟುಕೊಳ್ಳುವುದು) 20 ಗುಣಗಳನ್ನು ಹೇಳಿ, ಇದೇ ಜ್ಞಾನ, ಇದಕ್ಕೆ ವಿರುದ್ಧವಾದದ್ದೆಲ್ಲ ಅಜ್ಞಾನ ಎಂದು ಕೃಷ್ಣ ಮುಗಿಸುತ್ತಾನೆ. ಗಮನಿಸು, ಪಟ್ಟಿಯಲ್ಲಿ ಮೊದಲು ನಿಂತಿರುವುದು ಪಾಂಡಿತ್ಯವಲ್ಲ, ತನ್ನನ್ನು ತಾನು ಹೊಗಳಿಕೊಳ್ಳದಿರುವುದು. ತಾನೇ ಸರಿ ಎಂದು ಸಾಧಿಸುವ ಚಟ ಇರುವವರೆಗೆ ಹೊಸದೇನೂ ಒಳಗೆ ಇಳಿಯುವುದಿಲ್ಲವಲ್ಲ, ಅದಕ್ಕೇ ಆ ಕ್ರಮ.

ವಾರಕ್ಕೆ ಒಂದು ಗುಣ ಇಟ್ಟುಕೊಂಡರೆ 20 ವಾರ, ಸುಮಾರು 5 ತಿಂಗಳು. ಮೊದಲ ದಿನ 5 ಶ್ಲೋಕಗಳನ್ನೂ ಗಟ್ಟಿಯಾಗಿ ಓದು. ಆ ವಾರದ ಪದವನ್ನು ಬಿಡಿಸಿ, ಅರ್ಥ ನೋಡಿ, ಪುಸ್ತಕ ಮುಚ್ಚಿ, ನಿನ್ನ ಮಾತಿನಲ್ಲಿ ಎರಡು ಸಾಲು ಬರೆ. ಮುಚ್ಚಿಯೇ ಬರೆಯಬೇಕು, ತೆರೆದಿಟ್ಟು ಬರೆದರೆ ಕೈ ನಕಲು ಮಾಡುತ್ತದೆ, ತಲೆ ಸುಮ್ಮನಿರುತ್ತದೆ. ಎರಡನೆಯ ದಿನ ಒಂದೇ ಒಂದು ವ್ಯಾಖ್ಯಾನ ತೆಗೆದುಕೊಂಡು ನೀನು ಬರೆದದ್ದರ ಜೊತೆ ಹೋಲಿಸು. ಉದಾಹರಣೆಗೆ ಶಂಕರಭಾಷ್ಯದಲ್ಲಿ ಮಾನಿತ್ವವೆಂದರೆ ಆತ್ಮಶ್ಲಾಘನೆ, ದಂಭವೆಂದರೆ ತಾನು ಮಾಡುವ ಧರ್ಮವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು. ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸುತ್ತವೆ. ಆದರೆ ಬಾಯಿಬಿಟ್ಟು ಒಂದು ಮಾತೂ ಹೊಗಳಿಕೊಳ್ಳದೆ ಬರೀ ದಂಭದಲ್ಲೇ ಬದುಕು ಕಳೆಯಬಹುದು. ಈ ಸೂಕ್ಷ್ಮ ಅವಸರದ ಓದಿಗೆ ಸಿಗುವುದಿಲ್ಲ.

ಉಳಿದ 5 ದಿನ ಓದು ಬೇಡ, ನೋಡಿಕೊಳ್ಳುವುದಷ್ಟೇ. ಯಾರಾದರೂ ನಿನ್ನ ತಪ್ಪು ತೋರಿಸಿದಾಗ ಅವರ ಮಾತು ಮುಗಿಯುವ ಮೊದಲೇ ಉತ್ತರ ಬಂದಿತೇ? ಗೊತ್ತಿಲ್ಲದ ವಿಷಯಕ್ಕೆ ಗೊತ್ತಿರುವವಳಂತೆ ತಲೆಯಾಡಿಸಿದೆಯಾ? ರಾತ್ರಿ 3 ಸಾಲು ಬರೆದಿಡು: ಏನು ನಡೆಯಿತು, ನಾನೇನು ಮಾಡಿದೆ, ಯಾವುದನ್ನು ನೋಡಲು ಇಷ್ಟವಾಗಲಿಲ್ಲ. ಮೂರನೆಯದೇ ಮುಖ್ಯ. "ಇವತ್ತು ಏನೂ ಇಲ್ಲ" ಎಂದು ಮೂರ್ನಾಲ್ಕು ದಿನ ಒಟ್ಟಿಗೆ ಬಂದರೆ ನೋಡುವುದನ್ನೇ ನಿಲ್ಲಿಸಿದ್ದೀ ಎಂದು ತಿಳಿ. ಹಾಗೆಂದು ನಿನ್ನನ್ನೇ ಬೈದುಕೊಳ್ಳುತ್ತಾ ಪುಟ ತುಂಬಿಸಬೇಡ. ಅದೂ ನೋಡದಿರಲು ಒಂದು ಉಪಾಯವೇ, ಅಳುವಿನ ಗದ್ದಲದಲ್ಲಿ ಸಂಗತಿ ಮರೆಯಾಗುತ್ತದೆ.

ಇದರ ಜೊತೆಗೆ ದಿನಕ್ಕೆ 20 ನಿಮಿಷ, ನಿಗದಿಯಾದ ಒಂದೇ ಹೊತ್ತಿನಲ್ಲಿ, ಬೆನ್ನು ನೆಟ್ಟಗಿಟ್ಟು ಉಸಿರಿನ ಮೇಲೆ ಗಮನವಿಟ್ಟು ಕೂರು. ಇಲ್ಲಿ ಎದುರಾಗುವ ತೊಡಕುಗಳನ್ನು ಅದ್ವೈತದ ಹಿರಿಯ ಆಚಾರ್ಯರಾದ ಗೌಡಪಾದರು ಮಾಂಡೂಕ್ಯೋಪನಿಷತ್ತಿನ ಮೇಲೆ ಬರೆದ ಮಾಂಡೂಕ್ಯಕಾರಿಕೆಯ 3ನೇ ಪ್ರಕರಣದಲ್ಲಿ ಹೇಳಿದ್ದಾರೆ. ಮೊದಲನೆಯದು ಲಯ, ಅಂದರೆ ಮನಸ್ಸು ನಿದ್ದೆಗೆ ಜಾರುವುದು. ಕಣ್ಣು ತೆರೆ, ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂರು. ದಿನವೂ ಹೀಗಾದರೆ ತಪ್ಪು ಧ್ಯಾನದ್ದಲ್ಲ, ರಾತ್ರಿಯ ನಿದ್ದೆ ಸಾಲುತ್ತಿಲ್ಲ. ಅದನ್ನು ಮೊದಲು ಸರಿಮಾಡಿಕೊ. ಎರಡನೆಯದು ವಿಕ್ಷೇಪ, ಮನಸ್ಸು ಅಲೆಯುವುದು. ಜಗಳವಾಡದೆ ಮತ್ತೆ ಉಸಿರಿಗೆ ತಂದು ನಿಲ್ಲಿಸು, ನೂರು ಸಲವಾದರೂ ಸರಿ. ಮೂರನೆಯದಾದ ಕಷಾಯವನ್ನು ಗುರುತಿಸುವುದು ಕಷ್ಟ. ನಿದ್ದೆಯೂ ಇಲ್ಲ, ಅಲೆದಾಟವೂ ಇಲ್ಲ, ಆದರೂ ಒಳಗೆಲ್ಲೋ ಹಳೆಯ ಆಸೆ ಅಥವಾ ದ್ವೇಷ ಹಿಡಿದಿಟ್ಟು ಮನಸ್ಸು ಮರಗಟ್ಟಿರುತ್ತದೆ. ಇದನ್ನು ಶಾಂತಿ ಎಂದುಕೊಂಡು ಎಷ್ಟೋ ಜನ ಅಲ್ಲೇ ನಿಂತುಬಿಡುತ್ತಾರೆ. ಪರೀಕ್ಷೆ ಸುಲಭ: ಎದ್ದ ಮೇಲೆ ಸಣ್ಣ ಅಡಚಣೆಗೂ ಸಿಡುಕು ಬಂದರೆ ಅದು ಶಾಂತಿಯಾಗಿರಲಿಲ್ಲ. ಇಲ್ಲಿ ಗೌಡಪಾದರು ಹೇಳುವುದು "ವಿಜಾನೀಯಾತ್", ಇದು ಕಷಾಯವೆಂದು ತಿಳಿ ಎಂದು. ಕೊನೆಯದು ರಸಾಸ್ವಾದ, ಸಿಕ್ಕ ಸುಖವನ್ನು ಚಪ್ಪರಿಸುತ್ತಾ ಕೂರುವುದು. ಇಂದಿನ ಹಿತವನ್ನು ನಾಳೆಯೂ ಬೇಕೆಂದು ಹುಡುಕಿದರೆ ನಾಳೆಯ 20 ನಿಮಿಷ ಹಾಳಾಯಿತೆಂದೇ ಲೆಕ್ಕ.

ಅಧ್ಯಾತ್ಮದ ಹೆಸರಿನಲ್ಲಿ ಲೋಕದ ತಿಳಿವನ್ನು ಕಡೆಗಣಿಸಬೇಡ. ಮುಂಡಕೋಪನಿಷತ್ತು ಪರಾ (ಬ್ರಹ್ಮವನ್ನು ತಿಳಿಸುವುದು), ಅಪರಾ (ಉಳಿದ ಕಲಿಕೆಯೆಲ್ಲ) ಎಂಬ ಎರಡು ವಿದ್ಯೆಗಳನ್ನೂ ತಿಳಿಯಬೇಕು ಎನ್ನುತ್ತದೆ, ನಾಲ್ಕು ವೇದಗಳನ್ನೇ ಅಪರೆಯ ಸಾಲಿಗೆ ಸೇರಿಸುತ್ತದೆ. ಮಂತ್ರ ಬಾಯಿಪಾಠ ಬಂದಷ್ಟಕ್ಕೆ ಪರವಿದ್ಯೆ ಬಂತೆಂದಲ್ಲ. ಕಾಯಿಲೆಗೆ ವೈದ್ಯರನ್ನು ಕಾಣದೆ, ಸಾಲದ ಲೆಕ್ಕ ನೋಡದೆ, ಜಪ ಮಾಡುತ್ತಾ ಕೂತರೆ ಆ ಜಪವೂ ಡ್ರಾಯರಿನ ಕೆಲಸವನ್ನೇ ಮಾಡುತ್ತದೆ.

ಗುರುವಿನ ವಿಷಯ. ಗೀತೆಯ 4ನೇ ಅಧ್ಯಾಯದ 34ನೇ ಶ್ಲೋಕದಲ್ಲಿ ಪ್ರಣಿಪಾತ (ಬಾಗಿ ನಮಸ್ಕರಿಸುವುದು), ಪರಿಪ್ರಶ್ನೆ (ಕೇಳಿ ಕೇಳಿ ತಿಳಿಯುವುದು), ಸೇವೆ ಎಂದು ಮೂರು ಹೇಳಿದೆ. ನಡುವಿನದನ್ನು ಬಿಟ್ಟು ಉಳಿದೆರಡನ್ನು ಮಾತ್ರ ಕೇಳುವವರಿಂದ ದೂರವಿರು. ಪ್ರಶ್ನೆ ಕೇಳಿದರೆ ಶ್ರದ್ಧೆ ಇಲ್ಲವೆನ್ನುವ ಕಡೆ, ಹಿಂದೆ ಕಲಿತವರು ಈಗ ಹೇಗಿದ್ದಾರೆಂದು ಹೇಳದ ಕಡೆ ಕೂರಬೇಡ.

ಮೊದಲ ವಾರ ಅಮಾನಿತ್ವ. ಎರಡನೆಯ ದಿನ ನಿನ್ನ ಎರಡು ಸಾಲೂ ಭಾಷ್ಯದ ಅರ್ಥವೂ ಎಲ್ಲಿ ಬೇರೆಯಾದವೋ ಅದನ್ನು ಅಳಿಸದೆ ಹಾಗೇ ನನಗೆ ಬರೆದು ಕಳಿಸು. ಅಲ್ಲಿಂದ ಮುಂದೆ ಮಾತಾಡೋಣ.

ಇತಿ,
ನಿನ್ನ ದೊಡ್ಡಪ್ಪ