ಸೋಮವಾರದಿಂದ ನಾನೊಬ್ಳೇ, ಸ್ವಲ್ಪ ಓದ್ಕೊಳ್ಳಿ

ನಮಸ್ಕಾರ ಎಲ್ರಿಗೂ, ನಮ್ಮನೇಲಿ ನಿಮ್ಮ ಮಕ್ಳನ್ನ ನೋಡ್ಕೊಳ್ತೀನಲ್ಲ, ಕೆಲಸದವ್ರು ಹದಿನೈದು ದಿನ ಊರಿಗೆ ಹೋಗ್ತಿದಾರೆ, ಹಂಗಾಗಿ ಸೋಮವಾರದಿಂದ ನಾಲ್ಕು ಮಕ್ಳಿಗಿಂತ ಜಾಸ್ತಿ ತಗೊಳಲ್ಲ, ಬೇಜಾರ್ ಮಾಡ್ಕೋಬೇಡಿ.

ಡೊಂಬಿವ್ಲಿ ಲೋಕಲ್ ಟ್ರೇನ್ ಹಿಡಿಯೋ ಅವಸರದಲ್ಲಿ ಮಗೂನ ಬಾಗ್ಲಲ್ಲೇ ಬಿಟ್ಟು ಓಡ್ಬೇಡಿ, ನನ್ನ ಕೈಗೇ ಕೊಡಿ. ಬಕೆಟ್ಟಲ್ಲಿ ಎರಡಿಂಚು ನೀರಿದ್ರೂ ಅಂಬೆಗಾಲಿಡೋ ಮಗೂಗೆ ಅಪಾಯ, ಅದಕ್ಕೆ ಬಾತ್‌ರೂಮಿಗೆ ಮೇಲ್ಗಡೆ ಚಿಲಕ ಹಾಕ್ಸಿದೀನಿ, ನಾನು ಹೋಗ್ಬೇಕಾದ್ರೂ ಚಿಕ್ಕೋರನ್ನ ಸುತ್ತ ಬೇಲಿ ಇರೋ ಪ್ಲೇಪೆನ್‌ಲ್ಲಿ ಕೂರ್ಸಿ, ಬಾಗ್ಲು ಅರ್ಧ ತೆಗೆದಿಟ್ಟು, ಹಾಡು ಹೇಳ್ತಾ ಹೋಗೋದು (ನಗ್ಬೇಡಿ!).

ಡಬ್ಬಿಗೆ ಶೇಂಗಾ ಬೇಡ, ದ್ರಾಕ್ಷಿ ಉದ್ದಕ್ಕೆ ನಾಲ್ಕು ಹೋಳು ಮಾಡಿ ಹಾಕಿ, ಗಂಟಲಿಗೆ ಸಿಕ್ಕೊಂಡ್ರೆ ಕಷ್ಟ. 12ರಿಂದ 2 ಊಟ, ಫೋನ್ ಎತ್ತಲ್ಲ, ಮೆಸೇಜ್ ಹಾಕಿ. ಕರ್ಕೊಂಡೋಗೋಕೆ ಬೇರೆಯೋರು ಬರೋದಾದ್ರೆ ಅವ್ರ ಫೋಟೋ ಮೊದ್ಲೇ ಕಳ್ಸಿ, ಇಲ್ಲಾಂದ್ರೆ ಅಜ್ಜನೇ ಬಂದ್ರೂ ಬಿಡಲ್ಲ.

ಯಾರ್ಯಾರು ಬರ್ತೀರ, ಶನಿವಾರ ರಾತ್ರಿಯೊಳಗೆ ಇಲ್ಲೇ ಹೇಳಿ ಪ್ಲೀಸ್.