ಗಂಗಾಮೂಲದ ಮಗಳನ್ನು ಪುಣೆಯಲ್ಲಿ ಹುಟ್ಟಿಸಬೇಡಿ

ಮಾನ್ಯರೆ,

ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ಜಯಂತಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಸುಮ್ಮನಿರಲಾಗಲಿಲ್ಲ. ಪುಣೆಯಲ್ಲಿ ಹುಟ್ಟಿದರಂತೆ, ತಂದೆಯಿಂದ ವೇದ ಕಲಿತರಂತೆ, ನ್ಯಾಯಮೂರ್ತಿ ರಾನಡೆಯವರ ಪತ್ನಿಯಂತೆ. ಒಂದೇ ವಾಕ್ಯದಲ್ಲಿ ಮೂರು ತಪ್ಪು, ಅದೂ ಕಾರ್ಕಳದ ಸುದ್ದಿಯಲ್ಲಿ! ವೇದಿಕೆಯ ಫ್ಲೆಕ್ಸ್‌ನಲ್ಲಿದ್ದದ್ದೂ ಇದೇ. ಫ್ಲೆಕ್ಸ್ ನೋಡಿ ಭಾಷಣ, ಭಾಷಣ ಕೇಳಿ ವರದಿ. ತಿದ್ದಬೇಕಾದವರು ಯಾರು?

ರಾನಡೆಯವರ ಪತ್ನಿ ರಮಾಬಾಯಿ ಬೇರೆ. 1882ರಲ್ಲಿ ಇಬ್ಬರು ರಮಾಬಾಯಿಯರೂ ಪುಣೆಯಲ್ಲಿ ಜೊತೆಗೂಡಿ ಕೆಲಸ ಮಾಡಿದ್ದರಿಂದ ಈ ಗೊಂದಲ ಪದೇ ಪದೇ ಆಗುತ್ತದೆ. ಪಂಡಿತಾ ರಮಾಬಾಯಿ ಡೋಂಗ್ರೆ ಮನೆತನದವರು. 1880ರಲ್ಲಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧ್ವಿ ಅವರೊಂದಿಗೆ ರಿಜಿಸ್ಟರ್ ಮದುವೆಯಾದರು. ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನ ಆಶ್ರಮದಲ್ಲಿ. ಆರು ತಿಂಗಳ ಕೂಸಾಗಿದ್ದಾಗ ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರು. ಆ ಘಟ್ಟ ನಮ್ಮದು. ತಂದೆ ಅನಂತ ಶಾಸ್ತ್ರಿಗಳು ನಮ್ಮ ಕಾರ್ಕಳ ತಾಲ್ಲೂಕಿನ ಮಾಳದ ಕಡೆಯವರು.

ವೇದದ ಮಾತು ಇನ್ನೂ ದೊಡ್ಡ ತಪ್ಪು. ಪೇಶ್ವೆಯ ಪತ್ನಿ ಸಂಸ್ಕೃತ ಕಲಿಯುವುದನ್ನು ಕಂಡು ಬಂದ ಶಾಸ್ತ್ರಿಗಳು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೂ ಕಲಿಸಿದರು. ಪಂಡಿತರು ತಕರಾರೆತ್ತಿದಾಗ ಉಡುಪಿಯ ಸಭೆಯಲ್ಲಿ ಗ್ರಂಥಗಳ ಆಧಾರ ಕೊಟ್ಟು ವಾದಿಸಿದರು. ಆದರೆ ಆ ವಾದವೂ ವೇದದ ಹೊಸ್ತಿಲು ದಾಟಲಿಲ್ಲ. ಹೆಣ್ಣಿಗೆ ವ್ಯಾಕರಣ, ಕಾವ್ಯ, ಪುರಾಣ ಸರಿ, ವೇದ ಕೂಡದು. ಮುಂದೆ ಕಲ್ಕತ್ತೆಯಲ್ಲಿ ಬ್ರಾಹ್ಮ ಸಮಾಜದ ಮುಖಂಡ ಕೇಶವಚಂದ್ರ ಸೇನ್ ಅವರು ವೇದದ ಪ್ರತಿ ಕೈಗಿತ್ತು ಓದಲು ಹೇಳಬೇಕಾಯಿತು.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ತಾಯಿಯ ಹೆಸರೇ ಇಲ್ಲದಿರುವುದು. ತಂದೆಗೆ ವಯಸ್ಸಾಗಿತ್ತು, ಮಗಳಿಗೆ ಎಂಟನೆಯ ವಯಸ್ಸಿನಿಂದ ಪಾಠ ಹೇಳಿದವರು ಲಕ್ಷ್ಮೀಬಾಯಿ. ಹಗಲೆಲ್ಲ ಮನೆಗೆಲಸ, ಬಂದವರ ಉಪಚಾರ. ಹಾಗಾಗಿ ನಸುಕಿನಲ್ಲೇ ಮುದ್ದು ಮಾಡಿ ಎಬ್ಬಿಸಿ ಬಾಯಿಪಾಠ ಹೇಳಿಸುತ್ತಿದ್ದರು. ಪುಸ್ತಕವಿಲ್ಲ, ತಾಯಿಯ ಬಾಯಿಯೇ ಪುಸ್ತಕ. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಪುರಾಣದ 18,000 ಶ್ಲೋಕ ಕಂಠಸ್ಥ. 1874ರ ಬರಗಾಲದಲ್ಲಿ ತಂದೆ, ಹಿಂದೆಯೇ ತಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ ತೀರಿಕೊಂಡರು. ಅಣ್ಣ ಶ್ರೀನಿವಾಸನ ಜೊತೆ ಕಾಶ್ಮೀರದವರೆಗೆ ನಡೆದು, 1878ರಲ್ಲಿ ಕಲ್ಕತ್ತೆ ತಲುಪಿದಾಗ ಪಂಡಿತರು 'ಪಂಡಿತಾ', 'ಸರಸ್ವತೀ' ಎಂದು ಕರೆದದ್ದು ಆ ನಸುಕಿನ ಪಾಠದ ಫಲಕ್ಕೆ. ಈ ತಾಯಿಗೆ ಫ್ಲೆಕ್ಸ್‌ನಲ್ಲಿ ಒಂದು ಸಾಲು ಜಾಗವಿರಲಿಲ್ಲ. ಅತಿಥಿಗಳ ಫೋಟೊಗಳಿಗೆ ಅರ್ಧ ಫ್ಲೆಕ್ಸ್ ಬೇಕಾಯಿತು.

ಕಾರ್ಯಕ್ರಮದ ಪಾಡೂ ಹೇಳಬೇಕು. ಬೇಸಿಗೆ ರಜೆಯಲ್ಲಿದ್ದ ಹೆಣ್ಣುಮಕ್ಕಳನ್ನು ಹತ್ತು ಗಂಟೆಗೆ ಕರೆಸಿ ಹನ್ನೆರಡೂಕಾಲರವರೆಗೆ ಕಾಯಿಸಿದರು. ಫ್ಯಾನ್ ತಿರುಗಲಿಲ್ಲ, ಕುಡಿಯುವ ನೀರಿನ ಕ್ಯಾನ್ ಹನ್ನೊಂದಕ್ಕೇ ಖಾಲಿ. ಆ ಮಕ್ಕಳು ಫ್ಲೆಕ್ಸ್ ನೋಡಿಕೊಂಡು ತಪ್ಪನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಹಿಂದಿನ ವರ್ಷವೂ ಇದೇ ಫ್ಲೆಕ್ಸ್. ತಪ್ಪು ತೋರಿಸಿ ಬರೆದುಕೊಟ್ಟರೆ ಫೈಲ್ ಮೇಲಿನವರಿಗೆ ಹೋಗಿದೆ ಎಂದರು. ಬಸ್ ನಿಲ್ದಾಣದ ಶೌಚಾಲಯದ ಬಗ್ಗೆ ಕೊಟ್ಟ ಅರ್ಜಿಗೂ ಇದೇ ಉತ್ತರ, ಗ್ರಂಥಾಲಯದ ಸೋರುವ ಮಾಡಿಗೂ ಇದೇ. ಈ ಮೇಲಿನವರು ಯಾವ ಮಹಡಿಯಲ್ಲಿದ್ದಾರೆ?

ದಯವಿಟ್ಟು ತಿದ್ದುಪಡಿ ಪ್ರಕಟಿಸಿ, ವರದಿ ಬಂದ ಪುಟದಲ್ಲೇ. ಸಂಬಂಧಪಟ್ಟವರು ಫ್ಲೆಕ್ಸ್ ಬದಲಿಸಲಿ, ಇಲ್ಲವೇ ಜಯಂತಿಯನ್ನೇ ಬಿಟ್ಟುಬಿಡಲಿ. ಓದಿಕೊಳ್ಳಲು ವರ್ಷವಿಡೀ ಸಮಯವಿದ್ದವರಿಗೆ ಒಂದು ಪುಟ ಓದಲಾಗದಿದ್ದರೆ ಮೈಕ್ ಮುಂದೆ ನಿಲ್ಲುವುದಾದರೂ ಯಾಕೆ?

– ನಿವೃತ್ತ ಸಂಸ್ಕೃತ ಅಧ್ಯಾಪಕಿ, ಕಾರ್ಕಳ