ತರಬೇತಿಯು ಶಿಕ್ಷಕರ ತರಗತಿಗೇ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯಿಂದ ಹೊರಡಬೇಕೆಂಬ ಮಾತೂ ಅದೇ ವಾಕ್ಯದಲ್ಲಿದೆ. ಗಂಟೆಗಳ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟಿದ್ದೇವೆ, ಎರಡನೆಯ ಮಾತನ್ನು ಕೈಬಿಟ್ಟಿದ್ದೇವೆ.

ರೋಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಕೆಲವು ವರ್ಷಗಳ ಹಿಂದೆ ಕಂಪ್ಯೂಟರ್ ತರಬೇತಿಯೊಂದಕ್ಕೆ ಹೋಗಿದ್ದೆ. ಕೊಠಡಿಯಲ್ಲಿ ನಲವತ್ತು ಜನ, ಚಾಲೂ ಇದ್ದ ಕಂಪ್ಯೂಟರ್ ಒಂಬತ್ತು. ನನ್ನ ಪಕ್ಕದಲ್ಲಿದ್ದ ಹಿರಿಯ ಕನ್ನಡ ಶಿಕ್ಷಕರೊಬ್ಬರು ಸರದಿ ಬಂದಾಗ ಒಂದೊಂದೇ ಕೀಲಿ ಹುಡುಕುತ್ತ, ಊಟದ ಬಿಡುವಿನಲ್ಲೂ ಏಳದೆ ಕುಳಿತು ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಸಿದ್ಧಪಡಿಸಿದರು. ಸಂಜೆ ಅದನ್ನು ಮೊಬೈಲ್‌ನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಡೆ ಹೀಗೆಯೇ ಕಾಣುತ್ತದೆ, ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಯೂನಿಕೋಡ್ ಎಂಬ ಅಕ್ಷರ ಸಂಕೇತವನ್ನು ಆಯ್ದುಕೊಂಡಿದ್ದರೆ ಮೊಬೈಲ್‌ನಲ್ಲೂ ಕನ್ನಡವಾಗಿಯೇ ಉಳಿಯುತ್ತಿತ್ತು ಎಂಬ ಎರಡು ನಿಮಿಷದ ಮಾತನ್ನು ಅಲ್ಲಿ ಅವರಿಗೆ ಯಾರೂ ಹೇಳಲಿಲ್ಲ. ಸ್ಲೈಡ್‌ಗಳನ್ನು ಓದಿ ಮುಗಿಸುವ ಅವಸರವೇ ಹೆಚ್ಚಾಗಿತ್ತು. ‘ನಮಗ ಇದು ಆಗೂ ಮಾತಲ್ಲ ಬಿಡ್ರಿ’ ಎಂದು ಅವರು ಚೀಲ ಹೆಗಲಿಗೇರಿಸಿ ನಡೆದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅವರಿಗೆ ಕಲಿಯುವ ಮನಸ್ಸಿತ್ತು, ಕಲಿಸುವವರಿಗೆ ಪುರುಸೊತ್ತಿರಲಿಲ್ಲ.

ಸಂವಹನ ಕೌಶಲವೆಂದರೆ ಇಂಗ್ಲಿಷಿನಲ್ಲಿ ಮಾತನಾಡುವುದೆಂಬ ಭಾವನೆಯೂ ತರಬೇತಿಗಳಲ್ಲಿ ಬೇರೂರಿದೆ. ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಗನ ಹೆಸರು ಹಾಕಿ ‘ಗಣಿತದಲ್ಲಿ ತೀರಾ ಹಿಂದಿದ್ದಾನೆ’ ಎಂದು ಬರೆದರೆ ಅವನ ತಂದೆ ಮತ್ತೆ ಶಾಲೆಯ ಕಡೆ ಮುಖ ಹಾಕುವುದಿಲ್ಲ. ಆ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ. ಪಾಲಕರ ಸಭೆಗೆ ಅಚ್ಚು ಹಾಕಿಸಿದ ನೋಟಿಸಿನ ಬದಲು ಅರ್ಧ ನಿಮಿಷದ ಧ್ವನಿ ಸಂದೇಶವನ್ನು ಊರಿನ ಮಾತಿನಲ್ಲೇ ಕಳಿಸಿದಾಗ, ಕಡಲೆ ಕೀಳುವ ದಿನಗಳಲ್ಲೂ ತಾಯಂದಿರು ಬಂದರು. ಇಂಥದ್ದನ್ನು ಹೇಳಿಕೊಡುವ ತರಬೇತಿಯನ್ನು ನಾನಂತೂ ಈವರೆಗೆ ಕಂಡಿಲ್ಲ.

ಶಿಕ್ಷಣ ಇಲಾಖೆಯ ಧಾರವಾಡದ ಅಪರ ಆಯುಕ್ತರ ಕಚೇರಿ ಮತ್ತು ನಮ್ಮ ಭಾಗದ ಡಯಟ್‌ಗಳಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ) ನನ್ನ ವಿನಂತಿ ಇಷ್ಟೇ. ತರಬೇತಿಗೆ ಮೊದಲು ಯಾವ ಪಾಠ ಕಲಿಸಲು ಕಷ್ಟವಾಗುತ್ತಿದೆ ಎಂದು ನಮ್ಮನ್ನು ಕೇಳಲಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಜಾಲತಾಣದಲ್ಲಿ ತೆರೆಯುವ ವಿಡಿಯೊವನ್ನು ಪಾಠದ ಯಾವ ಹಂತದಲ್ಲಿ ತೋರಿಸಬೇಕು, ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಕು, ಕರೆಂಟ್ ಹೋದರೆ ಏನು ಮಾಡಬೇಕು ಎಂಬುದನ್ನು ನಮ್ಮದೇ ಶಾಲೆಯಲ್ಲಿ, ನಮ್ಮ ಮಕ್ಕಳ ಎದುರಿನಲ್ಲಿ ಸಂಪನ್ಮೂಲ ವ್ಯಕ್ತಿಗಳು ಮಾಡಿ ತೋರಿಸಲಿ; ತಿಂಗಳ ನಂತರ ಮತ್ತೊಮ್ಮೆ ಬಂದು ನೋಡಲಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಗಳಲ್ಲಿ ಯೂನಿಕೋಡ್ ಟೈಪಿಂಗ್ ಹೇಳಿಕೊಡಲು ಇಲಾಖೆ ಒಂದು ಗಂಟೆ ಬಿಟ್ಟುಕೊಟ್ಟರೆ, ಅದಕ್ಕೆ ನಾನು ಭಾನುವಾರವೂ ಬರಲು ಸಿದ್ಧಳಿದ್ದೇನೆ.

ಇಂತಿ,
ಪ್ರೌಢಶಾಲಾ ಶಿಕ್ಷಕಿ, ರೋಣ ತಾಲ್ಲೂಕು, ಗದಗ ಜಿಲ್ಲೆ